ಚೌಡಮ್ಮನವರು ಹೇಳದ ಹೆಸರು

ಚೌಡಮ್ಮನವರು ಯಾರ ಮನೆಯ ಮುಂದೆ ಹೋಗಿ ನಿಂತರೂ ಮೊದಲು ಕೇಳುತ್ತಿದ್ದದ್ದು ನೀರನ್ನು. ಬಾಯಾರಿಕೆ ಇರಲಿ ಬಿಡಲಿ, ಕೊಡೆ ಮಡಚಿ ಗೋಡೆಗೆ ಒರಗಿಸಿ, "ಅವ್ವಾ, ಒಂದು ಗುಟುಕು ನೀರು ಕೊಡ್ತೀರಾ?" ಎನ್ನುತ್ತಿದ್ದರು. ಕೆಲವು ಮನೆಗಳಲ್ಲಿ ಹಿತ್ತಾಳೆ ಲೋಟದಲ್ಲಿ ಬರುತ್ತಿತ್ತು. ಕೆಲವು ಮನೆಗಳಲ್ಲಿ ತೆಂಗಿನ ಚಿಪ್ಪಿನಲ್ಲಿ. ನಮ್ಮವರ, ಅಂದರೆ ಒಕ್ಕಲಿಗರ, ಬಹಳಷ್ಟು ಮನೆಗಳಲ್ಲಿ ಜಗಲಿಯ ಮೇಲೆ ನಿಂತು ಅವರ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಅವರು ಎಲ್ಲವನ್ನೂ ಕುಡಿಯುತ್ತಿದ್ದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮಗು ಹೇಗಿದೆ, ದನ ಕರು ಹಾಕಿತೇ ಎಂದು ಮಾತು ತೆಗೆಯುತ್ತಿದ್ದರು. "ನೀರು ಕೊಟ್ಟೋರು ಬಾಗ್ಲು ಹಾಕ್ಕೊಳಲ್ಲ ಕಣಮ್ಮ. ಹೆಂಗೇ ಕೊಡ್ಲಿ, ಕೊಟ್ರಲ್ಲ," ಎಂದು ನನಗೆ ಹೇಳಿದ್ದರು.

ಅವರು ಹೆಲ್ತ್ ವಿಸಿಟರ್. ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುತ್ತಿದ್ದವಳು. ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ನಡುವಿನ ಆ ಹೋಬಳಿ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಈ ಕಥೆಯಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಬದುಕಿದ್ದಾರೆ. ಜನರ ಹೆಸರುಗಳನ್ನೂ ಬದಲಾಯಿಸಿದ್ದೇನೆ, ಚೌಡಮ್ಮನವರದೊಂದನ್ನು ಬಿಟ್ಟು.

ನಾನು ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ. ಆಗ ಅವರಿಗೆ ನಲವತ್ತೈದರ ಆಸುಪಾಸು. ಕಡ್ಡಿಯಂಥ ಮೈ, ನೀಲಿ ಅಂಚಿನ ಬಿಳಿ ಸೀರೆ, ಟೈರಿನ ಚಪ್ಪಲಿ. ಹೊಸಕೋಟೆ ಕಡೆಯ ಒಂದು ಹಳ್ಳಿಯ ಹೊಲಗೇರಿಯಲ್ಲಿ ಹುಟ್ಟಿ, ಗಂಡ ಸತ್ತ ಮೇಲೆ ಬೆಂಗಳೂರಿನಲ್ಲಿ ನರ್ಸಿಂಗ್ ಕಲಿತವರು. ಹೊಸದಾಗಿ ಬಂದ ಡಾಕ್ಟರೊಬ್ಬರು, "ಚೌಡಮ್ಮ ಅಂತ ಕೂಗೋಕೆ ಒಂಥರಾ ಆಗುತ್ತೆ, ಚಂದ್ರಮ್ಮ ಅಂತ ಇಟ್ಕೊಳ್ಳಿ," ಎಂದಾಗ, "ನಮ್ಮೂರ ದೇವ್ರ ಹೆಸ್ರು ಸಾರ್. ನೀವು ಕೂಗ್ದಿದ್ರೆ ಬೇಡ, ನಾನೇ ಬಂದು ಕೇಳ್ತೀನಿ," ಎಂದಿದ್ದರು. ಡಾಕ್ಟರು ಮತ್ತೆ ಆ ಮಾತು ಎತ್ತಲಿಲ್ಲ.

ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವುದು ಅವರ ಕೆಲಸವಾಗಿತ್ತು. ಅದರ ಜೊತೆಗೆ ಬೇರೆ ಯಾರೂ ಒಪ್ಪದ ಇನ್ನೊಂದು ಕೆಲಸವೂ ಅವರ ಹೆಗಲಿಗೇ ಬಿದ್ದಿತ್ತು. ಆಸ್ಪತ್ರೆಯ ಹಿಂದುಗಡೆ ಬೋರ್ಡಿಲ್ಲದ ಒಂದು ಕೋಣೆ ಇತ್ತು. ಗುರುವಾರ ಮಧ್ಯಾಹ್ನ ಮಾತ್ರ ಅದರ ಬಾಗಿಲು ತೆರೆಯುತ್ತಿತ್ತು. ಲೈಂಗಿಕ ಸಂಬಂಧದಿಂದ ಹರಡುವ ಕಾಯಿಲೆಗಳಿಗೆ, ಅದರಲ್ಲೂ ಸಿಫಿಲಿಸ್‌ಗೆ, ಅಲ್ಲಿ ರಕ್ತ ತೆಗೆದು ಪೆನಿಸಿಲಿನ್ ಶುರುಮಾಡುತ್ತಿದ್ದರು; ಉಳಿದ ದಿನಗಳ ಸೂಜಿಗಳನ್ನು ಚೌಡಮ್ಮನವರೇ ಆಸ್ಪತ್ರೆಯಲ್ಲಿ ಹಾಕುತ್ತಿದ್ದರು. ಚೌಡಮ್ಮನವರು ತೆಗೆದ ರಕ್ತ ಹೆಸರಿಲ್ಲದೆ ಬರೀ ನಂಬರಿನಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ಗಾಜಿನ ಮೇಲೆ ಔಷಧದ ಹನಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ಒಡೆದ ಹಾಲಿನ ಹಾಗೆ ಕಣಗಳು ಗುಂಪುಗೂಡಿದ್ದರೆ ಕಾಯಿಲೆ ಇದೆ ಎಂದರ್ಥ. ನಂಬರಿನ ಮುಂದೆ ಗುರುತು ಹಾಕಿ ಕೊಡುತ್ತಿದ್ದೆ.

ಕಷ್ಟವೆಲ್ಲ ಆಮೇಲೆ ಶುರುವಾಗುತ್ತಿತ್ತು. ಒಬ್ಬರಿಗೆ ಇದ್ದರೆ ಅವರ ಜೊತೆ ಮಲಗಿದವರೂ ರಕ್ತ ಕೊಡಬೇಕು, ಸೂಜಿ ಚುಚ್ಚಿಸಿಕೊಳ್ಳಬೇಕು. ಹೇಳುವವರು ಯಾರು? ಚೌಡಮ್ಮನವರು ಬಂದವರ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಒಂದು ಗುರುವಾರದ ತಾರೀಖು ಮತ್ತು ಒಂದು ನಂಬರು, ಅಷ್ಟೇ. ಮನೆಯವರಿಗೆ ನೀವೇ ಹೇಳಿ, ಕರೆದುಕೊಂಡು ಬನ್ನಿ ಎನ್ನುತ್ತಿದ್ದರು. ಹೇಳಲು ಬಾಯಿ ಬರುವುದಿಲ್ಲ ಎಂದವರ ಮನೆಗೆ, ಅವರು ಒಪ್ಪಿದರೆ, ತಾವೇ ಹೋಗಿ ನೀರು ಕೇಳುತ್ತಿದ್ದರು. 'ನಿಮ್ಮ ರಕ್ತ ಪರೀಕ್ಷೆ ಆಗಬೇಕು, ಈ ಕಾಯಿಲೆ ಇದೆಯಾ ನೋಡಬೇಕು' ಎಂದು ನೇರವಾಗಿ ಹೇಳುತ್ತಿದ್ದರು. ಯಾರಿಂದ ಬಂತು ಎಂದು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ.

ಆ ಕಾಯಿಲೆಗೆ ಒಂದೊಂದು ಬೀದಿಯಲ್ಲೂ ಒಂದೊಂದು ಹೆಸರಿತ್ತು. ನಮ್ಮ ಒಕ್ಕಲಿಗರ ಹಳ್ಳಿಗಳಲ್ಲಿ ಪರಂಗಿ ಹುಣ್ಣು, ಅಂದರೆ ಪರದೇಶದವರು ತಂದದ್ದು. ಮನೆಯಲ್ಲಿ ತೆಲುಗು ಆಡುವ ನೇಕಾರರ ಬೀದಿಯಲ್ಲಿ ಸವಾಯಿ, ಅದು ಬೆಂಗಳೂರು ಪೇಟೆಯದು. ರೇಷ್ಮೆ ಬಿಚ್ಚುವ ಮುಸಲ್ಮಾನರ ಗಲ್ಲಿಯಲ್ಲಿ ಗರ್ಮಿ, ಅದು ಲಾರಿಯವರದು. ತಮಿಳು ಲಾರಿ ಡ್ರೈವರುಗಳು ಮೇಹ ಎಂದು ಹೇಳಿ ನೆಲಮಂಗಲದ ರಸ್ತೆಯ ಕಡೆ ಕೈ ತೋರಿಸುತ್ತಿದ್ದರು. ಹೊಲಗೇರಿಯ ಹೆಂಗಸರು ಗೌಡರ ಮನೆಗಳ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು.

ಯಾವ ಬೀದಿಯವರು ಚೀಟಿ ತೆಗೆದುಕೊಳ್ಳುತ್ತಾರೆ, ಯಾವ ಬೀದಿಯವರು ಮುಖಕ್ಕೆ ಎಸೆಯುತ್ತಾರೆ ಎಂದು ನಾನು ಮೊದಮೊದಲು ಊಹೆ ಮಾಡುತ್ತಿದ್ದೆ. ಮುಸಲ್ಮಾನರ ಗಲ್ಲಿಯಲ್ಲಿ ಬಾಗಿಲೇ ತೆರೆಯುವುದಿಲ್ಲ ಎಂದು ಒಂದು ಸಲ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಮುಂದಿನ ಗುರುವಾರ ಒಬ್ಬ ಮುದುಕಿ ಮಗನನ್ನೂ ಸೊಸೆಯನ್ನೂ ಜಟಕಾದಲ್ಲಿ ಕೂರಿಸಿಕೊಂಡು ಬಂದಳು. "ತಪ್ಪು ಮಾಡಿದ್ದು ಬೇಟಾ. ಬಹೂ ಯಾಕೆ ಸಾಯ್ಬೇಕು ಸಿಸ್ಟರಮ್ಮ? ಇಬ್ಬರಿಗೂ ಚುಚ್ಚಿ," ಎಂದಳು. ಸೂಜಿ ಮುಗಿಯುವವರೆಗೆ ಪ್ರತಿದಿನ ತಾನೂ ಬಂದು ಆಸ್ಪತ್ರೆಯ ಬಾಗಿಲ ಬಳಿ ಕೂತಿದ್ದಳು. ಅದೇ ಗಲ್ಲಿಯ ಕೊನೆಯ ಮನೆಯಲ್ಲಿ ಚೀಟಿ ಸಿಕ್ಕಿದ ದಿನವೇ ಒಬ್ಬಳನ್ನು ತವರಿಗೆ ಅಟ್ಟಿದರು.

ನೇಕಾರರ ಬೀದಿಯ ನಾರಾಯಣಪ್ಪ ಎಂಬಾತ ಎರಡು ವಾರ ಚೌಡಮ್ಮನವರ ಹಿಂದೆ ಬಿದ್ದಿದ್ದ. "ನಮ್ಮೋಳ್ಗೆ ಮಾತ್ರ ಹೇಳ್ಬೇಡಿ ಸಿಸ್ಟರ್. ಔಷಧಿ ಕೊಡಿ, ಕಾಫೀಲಿ ಕಲ್ಸಿ ಕುಡಿಸ್ಬಿಡ್ತೀನಿ."

"ಸೂಜೀನ ಕಾಫೀಲಿ ಹೆಂಗಪ್ಪಾ ಕಲಸ್ತೀಯ?"

"ಹಂಗಾದ್ರೆ ಶಕ್ತಿಗೆ ಸೂಜಿ ಅಂತ ಹೇಳಿ ಚುಚ್ಬಿಡಿ."

"ಸುಳ್ಳು ಹೇಳಿ ನಾನು ಯಾರ ಮೈಗೂ ಸೂಜಿ ಹಾಕಲ್ಲ. ನೀನು ಹೇಳು, ಇಲ್ಲ ನಾನು ಹೇಳ್ತೀನಿ. ಕಾಯಿಲೆ ಇದ್ಯಾ ನೋಡ್ಬೇಕು ಅಂತಷ್ಟೇ ಹೇಳೋದು."

ಕೊನೆಗೆ ಅವನೇ ಹೆಂಡತಿಯನ್ನು ಕರೆತಂದ. ಪರದೆಯ ಆಚೆ ಆಕೆ ಅತ್ತದ್ದು ನನಗೆ ಕೇಳಿಸಿತು. "ನಂಗೆ ವರ್ಷದಿಂದ ಗೊತ್ತು ಸಿಸ್ಟರ್. ಅವ್ರ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ," ಎಂದಳು.

ಆ ಸಂಜೆ ಚೌಡಮ್ಮನವರು ಸಿರಿಂಜು ಕುದಿಸುತ್ತಾ ಹೇಳಿದರು: "ಬೀದಿ ನೋಡಿ ಅಳೀಬೇಡ ಸರೋಜಮ್ಮ. ಮನೆ ನೋಡು. ಮನೇಲೂ ಆಳು ನೋಡು."

ನನ್ನ ಅಕ್ಕ ಗೌರಮ್ಮನನ್ನು ಆಸ್ಪತ್ರೆಯಿಂದ ನಾಲ್ಕು ಮೈಲಿ ದೂರದ ಹಳ್ಳಿಗೆ ಕೊಟ್ಟಿತ್ತು. ಭಾವ ಬೈರೇಗೌಡರದು ಹತ್ತೆಕರೆ ನೀರಾವರಿ, ತರಕಾರಿ ಬೆಳೆ. ವಾರಕ್ಕೆ ಮೂರು ದಿನ ಲಾರಿಯಲ್ಲಿ ಹೂಕೋಸು, ಆಲೂಗೆಡ್ಡೆ ಹೇರಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿ ಅಲ್ಲೇ ಉಳಿಯುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅಕ್ಕನಿಗೆ ಎರಡು ಮಕ್ಕಳು ಹೋಗಿದ್ದವು. ಮೊದಲನೆಯದು ಏಳು ತಿಂಗಳಿಗೆ ಹೊಟ್ಟೆಯಲ್ಲೇ ಸತ್ತಿತು. ಎರಡನೆಯದು ಹನ್ನೊಂದು ದಿನ ಬದುಕಿತ್ತು. ಅಂಗೈ ಅಂಗಾಲಿನ ಚರ್ಮ ಸುಲಿದು, ಮೂಗು ಕಟ್ಟಿ ಗೊರಗೊರ ಎನ್ನುತ್ತಿದ್ದ ಆ ಕೂಸನ್ನು ನಾನು ನೋಡಿದ್ದೆ. ಅಕ್ಕನ ಅತ್ತೆ ನಾಗದೋಷ ಎಂದು ಕಲ್ಲು ಪ್ರತಿಷ್ಠೆ ಮಾಡಿಸಿದ್ದರು. ಅಕ್ಕ ಪ್ರತಿ ಮಂಗಳವಾರ ಉಪವಾಸವಿರುತ್ತಿದ್ದಳು.

ಲ್ಯಾಬಿನ ಕೆಲಸ ಕಲಿತ ಮೇಲೆ ಆ ಕೂಸಿನ ಅಂಗಾಲು ನನ್ನ ಕಣ್ಣಿನಿಂದ ಹೋಗದಾಯಿತು. ಅಕ್ಕ ಮೂರನೆಯ ಸಲ ಬಸುರಿಯಾಗಿ ನಾಲ್ಕು ತಿಂಗಳಾದಾಗ ನಾನು ಚೌಡಮ್ಮನವರಿಗೆ ಹೇಳಿದೆ. ಅವರು ಬಸುರಿಯರನ್ನು ನೋಡುವ ನೆಪದಲ್ಲಿ ಹೋಗಿ, ಅಕ್ಕನ ಬಳಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಕೆ ಒಪ್ಪಿದ ಮೇಲೆ ರಕ್ತ ತಂದರು. ಗಾಜಿನ ಮೇಲೆ ಹನಿ ಹಾಕಿದವಳು ನಾನೇ. ಕಣಗಳು ಗುಂಪುಗೂಡಿದವು. ತಪ್ಪಿರಬೇಕು ಎಂದು ಮತ್ತೆ ಮಾಡಿದೆ. ಮತ್ತೆಯೂ ಅಷ್ಟೇ.

"ನಾನೀಗ್ಲೇ ಹೋಗಿ ಭಾವನ್ನ ಕೇಳ್ತೀನಿ," ಎಂದು ಎದ್ದೆ.

ಚೌಡಮ್ಮನವರು ನನ್ನ ರಟ್ಟೆ ಹಿಡಿದು ಕೂರಿಸಿದರು. "ನೀನು ಹೋದ್ರೆ ನಾದಿನಿ ಹೋದಂಗಾಗ್ತದೆ. ಜಗಳ ಆಗ್ತದೆ. ಮೊದ್ಲು ಅವಳನ್ನ ಕೇಳ್ಬೇಕು. ರಕ್ತ ಅವಳ್ದು."

ತವರಿಗೆ ಬಂದಿದ್ದ ಅಕ್ಕನಿಗೆ ನಮ್ಮ ಮನೆಯ ಹಿತ್ತಿಲಿನಲ್ಲಿ ಕೂತು ಚೌಡಮ್ಮನವರು ಹೇಳಿದರು. ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಕೇಳಿದಳು: "ಹೋದ ಎರಡು ಮಕ್ಕಳೂ ಇದ್ರಿಂದ್ಲೇನಾ?"

"ಇರ್ಬೋದು ಕಣವ್ವ."

"ಇದು?"

"ಇವತ್ತಿಂದ ಸೂಜಿ ತಗೊಂಡ್ರೆ ಉಳೀತದೆ."

"ಅವ್ರಿಗೆ ಹೇಳ್ಬೇಡಿ," ಎಂದಳು ಅಕ್ಕ. "ಮೊದ್ಲು ಯಾರ ರಕ್ತದಲ್ಲಿ ಸಿಕ್ತೋ ಅವರೇ ತಂದಿದ್ದು ಅಂತಾರೆ. ಆ ಮನೆ ನಿಮಗ್ಗೊತ್ತಿಲ್ಲ."

ಚೌಡಮ್ಮನವರು ಒತ್ತಾಯ ಮಾಡಲಿಲ್ಲ. ತವರಿನಲ್ಲಿ ಉಳಿಸಿಕೊಂಡು ಹತ್ತು ದಿನ ಬೆಳಿಗ್ಗೆ ತಾವೇ ಬಂದು ಸೂಜಿ ಕೊಟ್ಟರು. ಒತ್ತಾಯ ಮಾಡಿದವಳು ನಾನು. ಭಾವನಿಗೆ ಔಷಧ ಆಗದಿದ್ದರೆ ಮತ್ತೆ ಅಂಟುತ್ತದೆ, ಈ ಮಗುವೂ ಹೋಗುತ್ತದೆ ಎಂದು ದಿನವೂ ಅಕ್ಕನ ಕಿವಿಯಲ್ಲಿ ಊದಿದೆ. ಹತ್ತನೆಯ ದಿನ ಅಕ್ಕ ಚೌಡಮ್ಮನವರಿಗೆ, "ನೀವೇ ಹೇಳ್ಬಿಡಿ," ಎಂದಳು. ಅವರು ನನ್ನ ಮುಖ ನೋಡಿದರು. ಒಪ್ಪಿಸಿದ್ದು ಯಾರೆಂದು ಅವರಿಗೆ ಗೊತ್ತಾಗಿತ್ತು.

ಆ ಸಂಜೆ ನಾವಿಬ್ಬರೂ ಆಸ್ಪತ್ರೆಗೆ ನಡೆದು ಬರುವಾಗ ಅವರು ತಮ್ಮ ಕಥೆ ಹೇಳಿದರು. ಅವರ ಗಂಡ ಬೆಂಗಳೂರು ದಂಡಿನಲ್ಲಿ ಕುದುರೆ ಲಾಯದ ಆಳಾಗಿದ್ದವನು. ಮೂರು ಮಕ್ಕಳು ಹುಟ್ಟಿ ಹುಟ್ಟಿ ಸತ್ತವು. ಗಂಡನೂ ಹೋದ. ನರ್ಸಿಂಗ್ ಕಲಿಯುವಾಗ ಪುಸ್ತಕದಲ್ಲಿ ಒಂದು ಕೂಸಿನ ಚಿತ್ರ ನೋಡಿ ಅವರಿಗೆ ಅರ್ಥವಾಯಿತಂತೆ.

"ಅವನಿಗೆ ಔಷಧಿ ಕೊಟ್ಟ ಡಾಕ್ಟ್ರಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತು. ನಂಗೊಬ್ಬಳಿಗೆ ಯಾರೂ ಹೇಳ್ಲಿಲ್ಲ," ಎಂದರು. "ಅದ್ಕೇ ನಾನು ಬಾಗ್ಲು ಬಾಗ್ಲು ತಿರುಗೋದು."

ಮರುದಿನ ಅವರು ಭಾವನ ಊರಿಗೆ ಹೋದರು. ಮನೆಗೆ ಹೋಗದೆ, ತೋಟದ ಪಂಪ್‌ಸೆಟ್ ಬಳಿ ಒಬ್ಬರೇ ಇದ್ದ ಭಾವನನ್ನು ಕಂಡು ಮಾತಾಡಿ ಬಂದರು. ನಾನು ಏನಾಯಿತು ಎಂದು ಕೇಳಿದ್ದಕ್ಕೆ, "ಗುರುವಾರ ಬರ್ತೀನಿ ಅಂದ್ರು," ಎಂದಷ್ಟೇ ಹೇಳಿದರು.

ಗುರುವಾರ ಭಾವ ಬರಲಿಲ್ಲ. ಅಕ್ಕ ಗಂಡನ ಮನೆಗೆ ವಾಪಸು ಹೋದ ಮೂರನೆಯ ದಿನ ಆಕೆಯ ಅತ್ತೆ ಬೀದಿಗೆ ಕೇಳುವ ಹಾಗೆ ಕೂಗಿದರಂತೆ: "ಪರಂಗಿ ಹುಣ್ಣಿನ ಮುಂಡೆ, ನನ್ನ ಮನೆಗೆ ಸೂತಕ ತಂದ್ಳು!" ಭಾವ ತಾಯಿಗೆ ಅರ್ಧ ಮಾತು ಹೇಳಿದ್ದರು. ಚೌಡಮ್ಮನವರ ಮಾತಿನಿಂದ ತಾವೇ ಊಹಿಸಿಕೊಂಡಿದ್ದ, ಅಕ್ಕನ ರಕ್ತದಲ್ಲಿ ಕಾಯಿಲೆ ಸಿಕ್ಕಿದೆ ಎನ್ನುವ ಅರ್ಧ. ಐದು ತಿಂಗಳ ಬಸುರಿ ಅಕ್ಕ ಉಟ್ಟ ಸೀರೆಯಲ್ಲಿ ಬಿಸಿಲಿನಲ್ಲಿ ನಡೆದು ತವರಿಗೆ ಬಂದಳು. ವಾರ ಕಳೆಯುವುದರೊಳಗೆ ಪಂಚಾಯ್ತಿಗೆ ಬನ್ನಿ ಎಂದು ಅಪ್ಪನಿಗೆ ಹೇಳಿಕಳಿಸಿದರು.

ಭಾವನ ಊರಿನ ಚಾವಡಿಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಇಪ್ಪತ್ತು ಇಪ್ಪತ್ತೈದು ಜನ ಗಂಡಸರು ಸೇರಿದ್ದರು. ಅಪ್ಪ ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದರು. ಅಕ್ಕ, ಅಮ್ಮ, ನಾನು ಗೋಡೆಯ ಪಕ್ಕ ನಿಂತಿದ್ದೆವು. ಭಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಚೌಡಮ್ಮನವರನ್ನು ಕರೆಸಿದ್ದರು. ಅವರು ಚಾವಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಕೆಳಗೆ, ಬಿಸಿಲಿನಲ್ಲಿ, ಕೈಚೀಲ ಹಿಡಿದು ನಿಂತರು.

ಹಿರಿಯರಾದ ಮರೀಗೌಡರು ಕೇಳಿದರು. "ಏನಮ್ಮಿ, ಆಸ್ಪತ್ರೆಯೋಳು ನೀನು. ಈ ಹೆಣ್ಣಿಗೆ ಕಾಯಿಲೆ ಐತೆ ಅಂದೋಳೂ ನೀನೇ. ಎಲ್ಲಿಂದ ಬಂತು, ಅದನ್ನೂ ಹೇಳು."

"ಅವ್ರ ಕಾಯಿಲೆ ವಿಷ್ಯ ನಾನು ಈ ಊರಲ್ಲಿ ಯಾರಿಗೂ ಹೇಳಿಲ್ಲ ಗೌಡ್ರೆ. ಯಾರು ಹೇಳಿದ್ರೋ ಅವ್ರನ್ನ ಕೇಳಿ."

"ಮಾತು ತಿರುಗಿಸ್ಬೇಡ. ಗಂಡನಿಗೆ ಇತ್ತಾ, ಇಲ್ವಾ? ಅಷ್ಟು ಹೇಳು ಸಾಕು."

ಅಕ್ಕ ತಲೆ ಎತ್ತಿ ಚೌಡಮ್ಮನವರನ್ನೇ ನೋಡಿದಳು. ನಾನೂ ನೋಡಿದೆ.

"ಯಾರಿಗಿತ್ತು ಯಾರಿಗಿಲ್ಲ ಅನ್ನೋದು ಈ ಬಾಯಿಂದ ಇವತ್ತಿನ ತನಕ ಬಂದಿಲ್ಲ," ಎಂದರು ಚೌಡಮ್ಮನವರು. "ಬರೋದೂ ಇಲ್ಲ."

"ಹಂಗಂದ್ರೆ ಹೆಂಗೆ? ನ್ಯಾಯ ಹೆಂಗೆ ತೀರೋದು?"

"ಅದ್ಕೆ ದಾರಿ ಐತೆ." ಅವರು ಚೀಲವನ್ನು ಚಾವಡಿಯ ಅಂಚಿನ ಮೇಲೆ ಇಟ್ಟು ತೆರೆದರು. ಸಿರಿಂಜಿನ ಡಬ್ಬಿ, ಹತ್ತಿ, ಸ್ಪಿರಿಟ್ಟಿನ ಸೀಸೆ ತೆಗೆದು ಸಾಲಾಗಿ ಇಟ್ಟರು. "ಸೂಜಿಗಳ್ನೆಲ್ಲ ಕುದಿಸ್ಕೊಂಡು ಬಂದಿದೀನಿ. ಆಯಮ್ಮ ರಕ್ತ ಕೊಟ್ಟವ್ರೆ. ನ್ಯಾಯ ಹೇಳೋಕೆ ಕೂತಿರೋ ಗಂಡಸ್ರೆಲ್ಲ ಕೊಟ್ಬಿಡಿ. ಒಬ್ಬೊಬ್ರಾಗಿ ಬನ್ನಿ. ತೋಳು ಮಡಚಿ."

ಮೊದಲು ಎದ್ದವರು ಮರೀಗೌಡರ ತಮ್ಮ, ಗದ್ದೆಗೆ ನೀರಿನ ಮಡೆ ತಿರುಗಿಸಬೇಕು ಎನ್ನುತ್ತಾ. ಇನ್ನೊಬ್ಬರಿಗೆ ದೊಡ್ಡಬಳ್ಳಾಪುರದ ಬಸ್ಸು ನೆನಪಾಯಿತು. ಹಿಂದಿನ ಸಾಲಿನವರು ಹೇಳದೆ ಕೇಳದೆ ಇಳಿದು ಹೋದರು. ಒಬ್ಬರು ಹೋಗುವಾಗ ಚೌಡಮ್ಮನವರ ಕಾಲಿನ ಹತ್ತಿರ ಉಗಿದು ಹೋದರು. ಅವರು ಚಪ್ಪಲಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿಕೊಂಡರು, ಅಷ್ಟೇ. ಎಂಬತ್ತು ದಾಟಿದ ಕೆಂಪಣ್ಣಜ್ಜ ಮಾತ್ರ ದೊಣ್ಣೆ ಊರಿಕೊಂಡು ಇಳಿದು ಬಂದು ತೋಳು ಚಾಚಿದ. "ತಗೋಳವ್ವ. ನಂಗೇನೈತೆ ಮುಚ್ಕೊಳ್ಳೋಕೆ," ಎಂದ. ಅವರು ನಿಜವಾಗಿಯೂ ಅವನ ರಕ್ತ ತೆಗೆದರು. ಆ ರಕ್ತವನ್ನು ಪರೀಕ್ಷೆ ಮಾಡಿದವಳೂ ನಾನೇ. ಫಲ ಏನಿತ್ತೆಂದು ಹೇಳುವುದಿಲ್ಲ.

ಪಂಚಾಯ್ತಿ ಹಾಗೇ ಒಡೆದುಹೋಯಿತು. ಅಕ್ಕ ತಪ್ಪಿತಸ್ಥೆ ಎಂದು ಯಾರೂ ತೀರ್ಮಾನ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಗಂಡನ ಮನೆಯವರು ಕರೆಯಲಿಲ್ಲ, ನಾವು ಅಕ್ಕನನ್ನು ಕರೆದುಕೊಂಡು ವಾಪಸು ಬಂದೆವು.

ಮೂರು ವಾರದ ಮೇಲೆ ಭಾವ ಅಕ್ಕನ ಟ್ರಂಕು, ಪಾತ್ರೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು. ಅಪ್ಪ ಮುಖ ತಿರುಗಿಸಿ ಒಳಗೆ ಹೋದರು. ಭಾವ ಬಾಗಿಲಲ್ಲೇ ನಿಂತು ಅಕ್ಕನಿಗೆ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ.

"ಮದ್ವೆಗೆ ಮುಂಚೆ ಬೆಂಗ್ಳೂರಲ್ಲಿ ಆಗಿತ್ತು ಗೌರಿ. ನಾಲ್ಕು ಸೂಜಿ ತಗೊಂಡೆ, ಹುಣ್ಣು ಮಾಯ್ತು, ಬಿಟ್ಟೆ. ಹೆಂಡ್ತಿ ಬಂದ್ರೆ ಕರ್ಕೊಂಬಾ ಅಂತ ಡಾಕ್ಟ್ರು ಆಗ್ಲೇ ಹೇಳಿದ್ರು. ಹೆಂಗ್ ಹೇಳೋದು ನಿಂಗೆ? ಪಂಪ್‌ಸೆಟ್ ತಾವ ಆ ನರ್ಸಮ್ಮಂಗೆ ಎಲ್ಲಾ ಒಪ್ಕೊಂಡಿದ್ದೆ. ಚಾವಡೀಲಿ ಹೇಳೇ ಹೇಳ್ತಾಳೆ, ಮುಗೀತು ನನ್ನ ಕಥೆ ಅಂತ ಕೂತಿದ್ದೆ. ಆವಮ್ಮ ಬಾಯೇ ಬಿಡ್ಲಿಲ್ಲ."

"ನೀವು ಬಿಡ್ಬೋದಾಗಿತ್ತಲ್ಲ," ಎಂದಳು ಅಕ್ಕ.

ಭಾವ ಎತ್ತುಗಳನ್ನು ತಿರುಗಿಸಿದರು.

ಮರುದಿನ ನಾನು ಆಸ್ಪತ್ರೆಗೆ ಹೋದವಳೇ ಚೌಡಮ್ಮನವರ ಮೇಲೆ ಹರಿಹಾಯ್ದೆ. "ನಿಮಗೆ ಎಲ್ಲಾ ಗೊತ್ತಿತ್ತು. ಒಂದೇ ಒಂದು ಮಾತು ಹೇಳಿದ್ರೆ ನಮ್ಮಕ್ಕ ಎಲ್ಲರ ಮುಂದೆ ತಲೆ ಎತ್ತಿ ನಿಲ್ತಿದ್ಲು. ನಿಮಗೆ ಯಾರೂ ಹೇಳ್ಲಿಲ್ಲ ಅಂತ ಹೇಳ್ಕೊಂಡವರು ನೀವು!"

ಅವರು ಗುರುವಾರದ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟರು. ಬರೀ ನಂಬರುಗಳು. ಪಂಚಾಯ್ತಿಗೆ ಮುಂಚಿನ ಗುರುವಾರ ಎರಡು. ಪಂಚಾಯ್ತಿ ಆದ ಮೇಲಿನ ಗುರುವಾರ ಒಂಬತ್ತು.

"ಈ ಒಂಬತ್ತು ಜನ ಹಿಂದಿನ ಬಾಗ್ಲಿಂದ ಬಂದ್ರು. ಮೂರು ಜನ ಹೆಂಡ್ರನ್ನ ಕರ್ಕೊಂಡು ಬಂದವ್ರೆ," ಎಂದರು. "ಚಾವಡೀಲೂ ಬಾಯಿಬಿಡ್ದೋಳು ಎಲ್ಲೂ ಬಿಡಲ್ಲ ಅಂತ ಬಂದೋರು. ನಾನು ಹೇಳಿಬಿಟ್ಟಿದ್ರೆ ಬರ್ತಿದ್ರಾ?"

ಆ ಒಂಬತ್ತು ಗಾಜುಗಳನ್ನು ನೋಡಿದವಳು ನಾನು. ನನಗೆ ಬೇಕಾದದ್ದು ಒಂದೇ. "ಇದ್ರಲ್ಲಿ ಭಾವ ಇದ್ದಾರಾ?"

ಅವರು ರಿಜಿಸ್ಟರು ಮುಚ್ಚಿದರು. ಅವತ್ತಿನಿಂದ ನಾನು ಅವರ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವರು ರಕ್ತ ತಂದು ಮೇಜಿನ ಮೇಲೆ ಇಡುತ್ತಿದ್ದರು. ನಾನು ತಲೆ ಎತ್ತದೆ ನಂಬರು ಬರೆದುಕೊಳ್ಳುತ್ತಿದ್ದೆ.

ಎರಡು ತಿಂಗಳಲ್ಲಿ ಅವರ ಮೇಲೆ ಅರ್ಜಿ ಹೋಯಿತು. ಊರಿನ ಹೆಣ್ಣುಮಕ್ಕಳ ಮಾನ ಕಳೆಯುತ್ತಾಳೆ, ಸಂಸಾರಗಳನ್ನು ಒಡೆಯುತ್ತಾಳೆ ಎಂದು. ಬೇರೆ ಬೇರೆ ಬೀದಿಯವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೌಡರು, ನೇಕಾರರು, ಗಲ್ಲಿಯವರು, ಎಲ್ಲರೂ ಇದ್ದರು. ಹಿಂದಿನ ಬಾಗಿಲಿನಿಂದ ಬಂದು ಹೋದವರೂ ಅದರಲ್ಲಿ ಇದ್ದಿರಬೇಕು. ಡಾಕ್ಟರು ಆ ಕಾಗದ ಓದಿ ಹೇಳಿದಾಗ ಚೌಡಮ್ಮನವರು, "ಪಾಪ, ಸಹಿ ಹಾಕ್ದಿದ್ರೆ ಅನುಮಾನ ಬರಲ್ವಾ ಸಾರ್," ಎಂದರು. ವರ್ಗದ ಆದೇಶ ಬಂದ ಮೇಲೂ ಎಂಟು ದಿನ ಹೊರಡಲಿಲ್ಲ. ಯಾರದೋ ಸೂಜಿಗಳು ಮುಗಿಯಬೇಕಿತ್ತು. ಹೊರಡುವ ದಿನ ಲ್ಯಾಬಿನ ಬಾಗಿಲಿಗೆ ಬಂದು, "ಬರ್ತೀನಿ ಸರೋಜಮ್ಮ," ಎಂದರು. ನಾನು ಹೂಂ ಎಂದೆ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಗಾಜಿನ ಮೇಲೆ ಏನೂ ಇರಲಿಲ್ಲ.

ಗುರುವಾರದ ಕೋಣೆಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಅಲ್ಲಿ ಹರಿದ ಹಾಸಿಗೆಗಳನ್ನು ತುಂಬಿದರು.

ಅಕ್ಕನಿಗೆ ಶ್ರಾವಣದಲ್ಲಿ ಹೆಣ್ಣು ಮಗು ಹುಟ್ಟಿತು. ನಾನು ಮೊದಲು ನೋಡಿದ್ದು ಅದರ ಅಂಗಾಲನ್ನು. ಸುಲಿದಿರಲಿಲ್ಲ. ಅದು ಮನೆಯ ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಭಾವನ ಮನೆಯಿಂದ ಯಾರೂ ಬರಲಿಲ್ಲ. ವರ್ಷ ತುಂಬುವುದರೊಳಗೆ ಅವರು ಮಾಗಡಿ ಕಡೆಯಿಂದ ಇನ್ನೊಂದು ಹೆಣ್ಣು ತಂದರು. ಆಕೆಗೆ ಒಂದರ ಮೇಲೆ ಒಂದು ಎರಡು ಗಂಡು ಮಕ್ಕಳಾದವು. ಎರಡೂ ಗುಂಡುಗುಂಡಾಗಿ ಬೆಳೆದವು. ಬಸ್ಸಿನಲ್ಲಿ ಒಮ್ಮೆ ಆ ಮಕ್ಕಳನ್ನು ನೋಡಿ ಬಂದ ದಿನ ನನಗೆ ನಿದ್ದೆ ಬರಲಿಲ್ಲ. ಭಾವ ಔಷಧ ತೆಗೆದುಕೊಂಡಿದ್ದರೆ? ಆ ಒಂಬತ್ತರಲ್ಲಿ ಅವರದೂ ಒಂದು ನಂಬರಾಗಿದ್ದರೆ? ಹಾಗಾದರೆ ಚೌಡಮ್ಮನವರ ಮೌನದಿಂದ ಆ ಮಕ್ಕಳು ಬದುಕಿದವು, ಅಕ್ಕ ಮಾತ್ರ ಹೊರಗೆ ಬಿದ್ದಳು. ಅಕ್ಕ ಆಗ ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ಮನೆಯ ಪಕ್ಕ ಒಂದು ಕೋಣೆ ಹಿಡಿದು, ಕಂಡಿಕೆಗೆ ನೂಲು ಸುತ್ತುತ್ತಾ ಮಗಳನ್ನು ಶಾಲೆಗೆ ಕಳಿಸುತ್ತಿದ್ದಳು. ಮಗಳ ಅಪ್ಪನ ಬಗ್ಗೆ ಯಾರಾದರೂ ಕೇಳಿದರೆ ರಾಟೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ ಇರುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ದಿನ, ಚೌಡಮ್ಮನವರು ಕೆಲಸ ಬಿಟ್ಟು ಹೊಸಕೋಟೆಯಲ್ಲಿದ್ದಾರೆ, ಎದೆಯ ಕಾಯಿಲೆಯಂತೆ, ಬಹಳ ದಿನ ಇಲ್ಲವಂತೆ ಎಂದು ನಮ್ಮ ಆಸ್ಪತ್ರೆಯ ಆಯಾ ಹೇಳಿದಳು. ಭಾನುವಾರ ಬಸ್ಸು ಹತ್ತಿದೆ. ತರಕಾರಿ ಮಂಡಿಯ ಹಿಂದಿನ ಒಂದು ಕೋಣೆಯಲ್ಲಿ, ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತಂಗಿಯ ಮಗಳೊಬ್ಬಳು ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅವರು ನಕ್ಕರು.

"ನಿಮ್ಮಕ್ಕ ಹೆಂಗವ್ಳೆ? ಕೂಸು?"

"ಮಗು ಚೆನ್ನಾಗಿದೆ. ಶಾಲೇಲಿ ಮೊದ್ಲನೇ ಸಾಲಲ್ಲಿ ಕೂರ್ತಾಳೆ."

"ಅಂಗಾಲು?"

"ಚೆನ್ನಾಗಿದೆ ಸಿಸ್ಟರ್."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ನಾನು ಹೋದದ್ದು ಕ್ಷಮೆ ಕೇಳುವುದಕ್ಕೆ. ಆದರೆ ಬಾಯಿಂದ ಬಂದದ್ದು ಬೇರೆ. "ಈಗಲಾದ್ರೂ ಹೇಳಿ. ಆ ಗುರುವಾರ ಭಾವ ಬಂದಿದ್ರಾ?"

"ಹೇಳಿದ್ರೆ ನಿಂಗೇನ್ ಸಿಗ್ತದೆ?"

"ಬಂದಿದ್ರೆ ಅಷ್ಟಾದ್ರೂ ಒಪ್ಕೊಂಡ್ರು ಅಂತ ಅಕ್ಕನಿಗೆ ಹೇಳ್ತೀನಿ. ಬರ್ದಿದ್ರೆ ಆ ಮನುಷ್ಯನಿಗೆ ಶಾಪ ಹಾಕ್ತೀನಿ. ಎರಡೂ ಇಲ್ದೆ ಎಷ್ಟು ವರ್ಷ ಇರ್ಲಿ?"

ಅವರಿಗೆ ಕೆಮ್ಮು ಬಂತು. ತಂಗಿಯ ಮಗಳು ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ಅವರು ಕಿಟಕಿಯ ಕಡೆ ನೋಡಿದರು. ಆಚೆ ಯಾರೋ ಮೂಲಂಗಿಯ ಕಟ್ಟುಗಳನ್ನು ಕೂಗಿ ಮಾರುತ್ತಿದ್ದರು.

"ನಿಮ್ಮಕ್ಕಂಗೆ ನಾನು ಅನ್ಯಾಯ ಮಾಡಿದೆ ಕಣಮ್ಮ," ಎಂದರು. "ಅವತ್ತು ಚಾವಡೀಲಿ ಆಯಮ್ಮ ನನ್ನ ಮಕ ನೋಡಿದ್ಲಲ್ಲ, ಅದು ಇಲ್ಲೇ ಐತೆ. ಆ ಒಂಬತ್ತು ಜನ ಬಂದ್ರು ಅಂತ ನಿಂಗೆ ತೋರ್ಸಿದ್ನಲ್ಲ, ಬರ್ದೇ ಹೋಗಿದ್ರೂ ನಾನು ಹೇಳ್ತಿರ್ಲಿಲ್ಲ. ಇನ್ನೊಂದ್ಸಲ ಅಲ್ಲಿ ನಿಲ್ಸಿದ್ರೂ ಹೇಳಲ್ಲ. ಆದ್ರೂ ಅದು ಅನ್ಯಾಯವೇ."

"ಆ ಒಂಬತ್ತರಲ್ಲಿ ಅವರ ಹೆಸರು?" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಬಸ್ಸಿನ ಹೊತ್ತಾಗುವವರೆಗೆ ಹಾಗೇ ಕೂತಿದ್ದೆವು.

ಸಂಜೆ ನೇರವಾಗಿ ಅಕ್ಕನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ರಾಟೆ ನಿಲ್ಲಿಸಿದಳು. ಮಡಿಲಿನ ಮೇಲಿದ್ದ ನೂಲಿನ ಚೂರುಗಳನ್ನು ಒಂದೊಂದಾಗಿ ಕೊಡವಿದಳು.

"ಅನ್ಯಾಯ ಆಯ್ತು ಅಂತ ಅಂದ್ರಾ?"

"ಹೂಂ."

"ಇಷ್ಟು ವರ್ಷದಲ್ಲಿ ಅವ್ರೊಬ್ರೇ ಕಣೇ ಅಂದಿದ್ದು," ಎಂದಳು ಅಕ್ಕ. "ಅಪ್ಪ ಅನ್ಲಿಲ್ಲ. ಅಮ್ಮ ಹಣೆಬರಹ ಅಂದ್ಲು. ನೀನೂ ಅನ್ಲಿಲ್ಲ." ಆಮೇಲೆ, "ನಾನು ಅವ್ರನ್ನ ನೋಡ್ಬೇಕು," ಎಂದಳು.

ಮುಂದಿನ ಭಾನುವಾರ ಅಕ್ಕ, ಮಗಳು, ನಾನು ಮೂವರೂ ಹೊಸಕೋಟೆಗೆ ಹೋದೆವು. ಕೋಣೆಗೆ ಬೀಗ ಹಾಕಿತ್ತು. ಗುರುವಾರ ತೀರಿಕೊಂಡರು, ಊರಿಗೆ ತೆಗೆದುಕೊಂಡು ಹೋದರು ಎಂದು ಪಕ್ಕದ ಮಂಡಿಯವರು ಹೇಳಿದರು. ಅಕ್ಕ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಎರಡು ಬಸ್ಸು ಹೋದರೂ ಏಳಲಿಲ್ಲ.